ತಿರುಗಿ ಕೊಡತಕ್ಕದ್ದಲ್ಲ

ಗದಗ ಕೋರ್ಟಿನೆದುರು, ಬೇವಿನ ಬುಡದಲ್ಲಿ
ಟೈಪಿಸ್ಟ್ ಬೆಲ್ಲದ ಕೇಳಿದ:
‘ಕೊಡೋರು ದಾವಲಬಿ ನದಾಫ್. ಹೌದು.
ಇಕೀಗೆ ಏನಾಗಬೇಕು?’
‘ಚಿಗವ್ವ’ ಅಂದೆ ನಾನು.
‘ಅವ್ವ’ ಅಂದಳು ಅವಳು.
ಬೆಲ್ಲದ ನನ್ನದನ್ನೇ ಬರೆದುಕೊಂಡ.

ಆರು ಲಕ್ಷ ನಲವತ್ತು ಸಾವಿರ
ನನ್ನ ಖಾತೆಗೆ ಒಮ್ಮೆಲೇ ಬಂದು ಬಿದ್ದದ್ದು.
ಎಲ್ಲಿಂದ, ಎಂದು ಕೆನಡಾ ಕೇಳುತ್ತದೆ.
ಬೆಟಗೇರಿಯ ಗಾದಿ ಅಂಗಡಿಯಿಂದ, ಸ್ವಾಮಿ,
ಹತ್ತಿ ಹಿಂಜಿ ಕೆಮ್ಮು ಹಿಡಿದ
ಮೂವತ್ತು ವರ್ಷಗಳಿಂದ,
ಕಡೆಗೆ ಮಾರಿದ ಹಿಂಜುವ ಮಶೀನಿನಿಂದ.
ಅದರ ರಸೀದಿಯನ್ನೂ ಲಗತ್ತಿಸಿದೆ.

ಬೆಲ್ಲದ ಓದಿ ಹೇಳಿದ:
ಇದು ಸಾಲವಲ್ಲ,
ಪ್ರೀತಿ ವಿಶ್ವಾಸದಿಂದ ಕೊಟ್ಟದ್ದು,
ಎಂದಿಗೂ ತಿರುಗಿ ಕೊಡತಕ್ಕದ್ದಲ್ಲ.
ಹೆಬ್ಬೆರಳು ಅರ್ಧಕ್ಕೇ ನಿಂತಿತು.
‘ತಿರುಗಿ ಬರಬಾರದು ಅಂತ
ನಾ ಯಾಕ ಬರಸ್ಲಿ?’

ಮುಯ್ಯಿ ಲೆಕ್ಕದ ಹೆಂಗಸು ಅವಳು.
ನನ್ನ ಮದುವೆಗೆ ಐದು ಸೇರು ಅಕ್ಕಿ ಯಾರದು,
ಅಕ್ಕನ ಕುಬಸಕ್ಕೆ ಹಸಿರು ಖಣ ಯಾರದು,
ಓದು ಬರದಿದ್ದರೂ ಎಲ್ಲ ಬಾಯಿಪಾಠ.
ಕೊಟ್ಟದ್ದು ಬರಲಿಲ್ಲವೆಂದರೆ
ಆ ಮನೆಯ ದಾರಿ ಮುಚ್ಚಿತೆಂದೇ ಅರ್ಥ.

‘ಬರೇ ಕಾಗದ, ಚಿಗವ್ವಾ’ ಅಂದೆ.
ನನಗೇ ಸುಳ್ಳೆನಿಸಿತು.
ಒತ್ತಿದಳು. ನೇರಳೆ ಮಸಿಯಲ್ಲಿ
ಒಂದೆಳೆ ಅರಳೆ ಅಂಟಿ ಗುರುತು ಕದಡಿತು.
‘ನಡೀತದ’ ಅಂದ ಬೆಲ್ಲದ.

ಬಸ್‌ಸ್ಟ್ಯಾಂಡಿನ ಬದಿಗೆ ಮಿರ್ಚಿ ತಿಂದೆವು.
ನನ್ನ ಪರ್ಸು ಆಚೆ ತಳ್ಳಿ
ಎಣ್ಣೆಗೈಯಲ್ಲೇ ನಲವತ್ತು ರೂಪಾಯಿ ಎಣಿಸಿದಳು.
‘ಇದರಾಗ ಇಪ್ಪತ್ತು ನಿಂದು.
ಇದು ಸಾಲ, ತಿಳೀತೇನ?
ಕೈಯಾಗ ತಂದು ಕೊಡಬೇಕು.
ಫೋನಿನಾಗ ಹಾಕಿದ್ರ
ನಾ ತೊಗೊಳ್ಳಂಗಿಲ್ಲ.’