ಕೊಡಕ್ಕೆ ಲೆಕ್ಕ

ಗುತ್ತಲು ರಸ್ತೆಯ ತಿರುವಿನಲ್ಲಿ ಆರಡಿ ಅಗಲದ ಅಂಗಡಿ ನನ್ನದು,
ಒಂದು ಜೆರಾಕ್ಸ್ ಯಂತ್ರ, ಒಂದು ಸ್ಟೂಲು, ಮೂಲೆಯಲ್ಲಿ ಬೈಂಡಿಂಗ್ ಸುರುಳಿಗಳ ಕಟ್ಟು.
ಪುಟಕ್ಕೆ ಒಂದು ರೂಪಾಯಿ. ಹಿಂದೆಮುಂದಾದರೆ ಒಂದೂವರೆ.

ಪರೀಕ್ಷೆಗೆ ಹದಿನೈದು ದಿನವಿರುವಾಗ
ನಾಝಿಮಾ ಬಂದಳು ಪುಸ್ತಕ ಎದೆಗವಚಿಕೊಂಡು.
ಮಂಡ್ಯ ಸೀಮೆಯ ನಾಲೆ, ನೀರು ಹಂಚಿದ ಬಗೆ;
ಅಚ್ಚಾಗಿ ಮೂವತ್ತು ವರ್ಷ, ಲೈಬ್ರರಿಯಲ್ಲಿ ಉಳಿದಿರುವುದು ಇದೊಂದೇ,
ಓದಬೇಕಾದವರು ನಲವತ್ತಮೂರು.
“ಅಕ್ಕಾ, ಪೂರ್ತಿ. ಬೈಂಡಿಂಗ್ ಸಮೇತ.”

ಎರಡನೇ ಹಾಳೆಯಲ್ಲಿ ಇರುವೆಯಂಥ ಅಕ್ಷರ:
ಅನುಮತಿಯಿಲ್ಲದೆ ನಕಲು ಮಾಡತಕ್ಕದ್ದಲ್ಲ.
ಈ ಸಾಲನ್ನು ಎಷ್ಟು ಸಾವಿರ ಸಲ ನಕಲು ಮಾಡಿದ್ದೇನೋ,
ಎಷ್ಟು ಚೊಕ್ಕವಾಗಿ ಮೂಡುತ್ತದೆ ಅಂತೀರಿ!

ನಮ್ಮಪ್ಪನದು ಕೀಲಾರದ ಹತ್ತಿರ ಆಲೆಮನೆ.
ಗಾಣದ ಬಾಯಿಗೆ ಕಬ್ಬು ಕೊಡುತ್ತಲೇ
ದಾರಿಯಲ್ಲಿ ಹೋಗುವವರನ್ನು ಕೂಗುತ್ತಿದ್ದ,
“ಬನ್ರೋ, ಹಾಲು ಕುಡ್ಕೊಂಡ್ ಹೋಗಿ.”
ಹೊಟ್ಟೆ ಬಿರಿಯೆ ಕುಡಿ, ನಿಂಬೆ ತಂದಿದ್ದರೆ ಹಿಂಡಿಕೊ,
ಕೊಪ್ಪರಿಗೆಯ ಅಂಚಿನ ಬಿಸಿ ಪಾಕ ಬಾಳೆಲೆಯಲ್ಲಿ ನೆಕ್ಕು.
ಕೊಡ ಹೊತ್ತು ಬಂದವಳನ್ನು ಮಾತ್ರ ಹುಬ್ಬಿನಲ್ಲೇ ತಡೆಯುತ್ತಿದ್ದ:
“ಹೊಟ್ಟೆಗೆ ಲೆಕ್ಕ ಇಲ್ಲ ಕಣವ್ವ. ಕೊಡಕ್ಕೆ ಐತೆ.”
ಬಸುರಿ ಮಗಳಿಗೆಂದು ಚೊಂಬು ತಂದವಳಿಗೆ
ತಾನೇ ತುಂಬಿಸಿ, ಆಮೇಲೆ
ಎತ್ತಿನ ಕಡೆ ತಿರುಗಿ ಸುಮ್ಮನೆ ಗದರುತ್ತಿದ್ದ.

ಲಾ ಓದುವ ಹೊನ್ನೇಶ ಸ್ಟೂಲಿನ ಮೇಲಿಂದ ಬಾಯಿ ಹಾಕಿದ:
“ಐವತ್ತೆರಡನೇ ಕಲಮು ಅಕ್ಕ. ಸ್ವಂತ ಓದಿಗೆ, ಸಂಶೋಧನೆಗೆ
ನ್ಯಾಯವಾಗಿ ಬಳಸಿಕೊಳ್ಳಬಹುದು.”
ನ್ಯಾಯವಾಗಿ ಅಂದರೆ ಎಷ್ಟು ಪುಟವಪ್ಪ?
ತಲೆ ಕೆರೆದುಕೊಂಡ. “ಅದನ್ನ ಬರೆದಿಲ್ಲ.”
ಬರೆಯದೇ ಬಿಟ್ಟಿದ್ದಾರೆ ಅಂದರೆ
ಬರೆಯುವಾಗ ಅವರೊಳಗೆ ಯಾರೋ ಒಬ್ಬರು
ಗಾಣದ ಬಳಿ ಕೂತೆದ್ದವರೇ ಇರಬೇಕು.

ನಾಝಿಮಾಗೆ ಎರಡು ಅಧ್ಯಾಯ ತೆಗೆದುಕೊಟ್ಟೆ.
ದೊಡ್ಡ ನ್ಯಾಯವಂತಳ ಹಾಗೆ ಅಂದೆ,
“ಬಾಕಿ ಕೈಯಲ್ಲಿ ಬರ್ಕೊ, ತಲೆಗೂ ಇಳಿಯುತ್ತೆ.”
ಮಾರನೆಯ ದಿನ ಇನ್ನೊಬ್ಬಳು, ಇನ್ನೆರಡು ಅಧ್ಯಾಯ. ಮಧ್ಯಾಹ್ನ ಮೂವರು.
ಒಬ್ಬೊಬ್ಬರದೂ ಒಂದೊಂದು ಚೊಂಬು;
ಸಂಜೆ ಹೊತ್ತಿಗೆ ನನ್ನ ಗಾಜಿನ ಮೇಲೆ
ಪೂರ್ತಿ ಕೊಡ ದಾಟಿಹೋಗಿತ್ತು.
ಇದ್ದದ್ದು ಹೇಳಿಬಿಡುತ್ತೇನೆ: ಬಾಗಿಲು ಎಳೆಯುವ ಮುಂಚೆ
ಎಲ್ಲ ಸೇರಿಸಿ ಒಂದು ಪ್ರತಿ ಕಟ್ಟಿ
ಬೆಂಚಿನಡಿ ತಳ್ಳಿದೆ, ಮುಂದಿನ ವರ್ಷಕ್ಕೆ.

ಜೂನಿನಲ್ಲಿ ಸೈಕಲ್ಲು ಒರಗಿಸಿ ಒಬ್ಬರು ಮುದುಕರು ಬಂದರು,
ಕನ್ನಡಕಕ್ಕೆ ದಾರ ಕಟ್ಟಿತ್ತು.
“ನಾಲೆ ಪುಸ್ತಕ ನಿಮ್ಮಲ್ಲಿ ಸಿಗುತ್ತಂತೆ.”
ಕೊಟ್ಟೆ.
ಹುಡುಕದೆ, ಹೆಬ್ಬೆರಳಲ್ಲೇ ಅಳೆದ ಹಾಗೆ ತೊಂಬತ್ತೊಂದನೇ ಪುಟ ತೆರೆದು
ಜೇಬಿನ ಪೆನ್ನಿನಿಂದ ಒಂದು ಪದ ಹೊಡೆದುಹಾಕಿದರು.
‘ತುಂಬು’ ಎಂದಿದ್ದಲ್ಲಿ ‘ತೂಬು’ ಎಂದು ಬರೆದರು.
“ಪ್ರೆಸ್ಸಿನವನ ತಪ್ಪು. ಆವಾಗಿನಿಂದ ಹಾಗೇ ಓದ್ತಾವ್ರೆ.”

ಯಂತ್ರ ತನ್ನ ಪಾಡಿಗೆ ಗೊಣಗುತ್ತಿತ್ತು.
ಆರಿಸಬೇಕೆಂದು ಹೊಳೆಯಲೇ ಇಲ್ಲ ನನಗೆ.

“ನನ್ನತ್ರ ಒಂದೂ ಉಳಿದಿಲ್ಲ ನೋಡಿ. ಕೇಳಿದೋರ್ಗೆಲ್ಲ ಕೊಟ್ಟೆ. ಎಷ್ಟಾಯ್ತು?”
ಬೇಡ ಸಾರ್ ಅಂದೆ. ಸರಿಯಾಗಿ ಆಡಲಿಲ್ಲ ಗಂಟಲು.
ನೂರರ ನೋಟು ಗಾಜಿನ ಮೇಲಿಟ್ಟರು.
“ಹಾಳೆ ನಿಮ್ಮದು, ಕರೆಂಟು ನಿಮ್ಮದು. ಅದಕ್ಕೆ.”
ಇನ್ನು ಯಾವುದಕ್ಕೆ ಏನೆಂದು
ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೆಟ್ಟಿಲು ಇಳಿದವರನ್ನು ಕೂಗಿದೆ:
ಸಾರ್, ಆ ತಿದ್ದಿದ ಪುಟ ಒಂದು ಪ್ರತಿ ತೆಗೆದುಕೊಳ್ಳಲಾ?
ಹಿಂದಿರುಗಿ ಬಂದು ತಾವೇ ಗಾಜಿನ ಮೇಲೆ ಬೋರಲು ಹಾಕಿದರು.
ಹಸಿರು ಬೆಳಕು ಅವರ ಬೆರಳಿನ ಕೆಳಗಿಂದ ಸರಿದುಹೋಯಿತು;
ಅಂಚಿನಲ್ಲಿ ಆ ಹೆಬ್ಬೆರಳೂ ಅಚ್ಚಾಗಿದೆ.

ಯಾರೇ ಬರಲಿ, ಎರಡೇ ಅಧ್ಯಾಯ ಕೇಳಲಿ,
ತೊಂಬತ್ತೊಂದನೇ ಪುಟವನ್ನೂ ಸೇರಿಸಿ ಕೊಡುತ್ತೇನೆ.
ಅದೊಂದಕ್ಕೆ ರೂಪಾಯಿ ಹಿಡಿಯುವುದಿಲ್ಲ.