ಹದಿನೈದು ಥೌ

ಸಿದ್ದಾಪುರದಿಂದ ನೆಲ್ಯಹುದಿಕೇರಿಗೆ ಇಳಿಯುವಲ್ಲಿ
ಹೊಳೆ ಕಾಣುವ ಮೊದಲೇ ಎಡಕ್ಕೆ ನಮ್ಮ ಶೆಡ್ಡು.
'ಆಟೋ ಎಲೆಕ್ಟ್ರಿಕಲ್ಸ್' ಎಂಬ ಬೋರ್ಡಿನಿಂದ
'ಆ' ಉದುರಿ ಎರಡು ವರ್ಷ.

ಚೋಂದಮ್ಮನ ಮಾರಿಸ್ ಮೈನರ್ ಬಂದದ್ದು ಒಂದು ಬುಧವಾರ.
ಐವತ್ತಾರರ ಗಾಡಿ, ಬೂದುಗುಂಬಳದ ಬಣ್ಣ,
ಅವರ ಕೈಯಲ್ಲೊಂದು ಕೊರಿಯರ್ ಡಬ್ಬಿ.
"ಮೇಸ್ತ್ರಿ, ಇದನ್ನು ಹಾಕಿಬಿಡಿ.
ವಾರವಾರವೂ ಪಾಲಿಬೆಟ್ಟದ ಏರಿನಲ್ಲಿ ಬಾನೆಟ್ ಎತ್ತಿ
ಪಾಯಿಂಟ್ ಉಜ್ಜುತ್ತ ನಿಂತರೆ
ಕ್ಲಬ್ಬಲ್ಲಿ ನನ್ನ ರಮ್ಮಿ ಎಲೆ ಬೇರೆಯವರು ಆಡ್ತಾರೆ."

ಮೊಯಿದು ಮೇಸ್ತ್ರಿ ಡಬ್ಬಿ ತೆರೆಯಲಿಲ್ಲ.
ಕಿವಿಯ ಹತ್ತಿರ ಹಿಡಿದು ಅಲುಗಿಸಿದರು,
ತೆಂಗಿನಕಾಯಿ ಕೊಳ್ಳುವವರ ಹಾಗೆ.

ನಾನೇ ತೆರೆದೆ. ಹೆಬ್ಬೆಟ್ಟಿನಷ್ಟು ಕಪ್ಪು ತುಂಡು,
ಹೊಟ್ಟೆಯಲ್ಲಿ ನಾಲ್ಕು ಅಯಸ್ಕಾಂತ ಅಡಗಿಸಿಕೊಂಡ ಉಂಗುರ,
ಕೆಂಪೊಂದು ಕಪ್ಪೊಂದು ತಂತಿ.
ಇಷ್ಟಕ್ಕೆ ನಾಲ್ಕು ಸಾವಿರದ ಎಂಟುನೂರು.

ಕ್ಲಿಪ್ಪು ಬಿಚ್ಚಿ, ಕ್ಯಾಪು ಸರಿಸಿ, ರೋಟರ್ ಎಳೆದೆ.
ಒಳಗೆ ಅವು, ಹೆಸರುಕಾಳಿನಷ್ಟು ಪುಟ್ಟ ಎರಡು ಮುಖ,
ಒಂದರಲ್ಲಿ ಗುಳಿ, ಇನ್ನೊಂದರಲ್ಲಿ ಅದೇ ಅಳತೆಯ ದಿಬ್ಬ.
ಇದರಿಂದ ಕರಗಿದ್ದು ಅದರ ಮೇಲೆ ಹೋಗಿ ಕೂತಿತ್ತು.
"ಸಂಸಾರ" ಎನ್ನುತ್ತಿದ್ದರು ಮೇಸ್ತ್ರಿ ಇದನ್ನು ಕಂಡಾಗಲೆಲ್ಲ.
ಅವತ್ತು ಅನ್ನಲಿಲ್ಲ.

ಅವರ ಜೇಬಿನಲ್ಲೊಂದು ಕಾಗದದ ಪಟ್ಟಿ ಇರುತ್ತದೆ,
ತಂಗಿ ಬೀಪಾತುವಿನ ಮದುವೆ ಕಾರ್ಡಿನ ಅಂಚು.
ದಪ್ಪ ಹದಿನೈದು ಥೌ,
ಇಂಚನ್ನು ಸಾವಿರ ಸೀಳಿ ಹದಿನೈದು ಎತ್ತಿಟ್ಟಷ್ಟು.
ಫೀಲರ್ ಗೇಜು ಗೋಡೆಯ ಮೊಳೆಯಲ್ಲಿ ತುಕ್ಕು ತಿನ್ನುತ್ತಿದೆ,
ಇವರಿಗೆ ಅಂದಿನಿಂದ ಇಂದಿನವರೆಗೂ ಪಟ್ಟಿಯೇ.
ಗ್ರೀಸು ಕುಡಿದು ಅಕ್ಷರವೆಲ್ಲ ಹೋಗಿ
'ಊಟ' ಮಾತ್ರ ಉಳಿದಿದೆ.

ನಾನು ಸೇರಿದ ದಿನ ಹೇಳಿಕೊಟ್ಟದ್ದು:
"ಕೂಡಿದಾಗ ಕಿಡಿ ಇಲ್ಲ, ಮೋನೆ.
ಕೂಡಿದಾಗ ಕಾಯಿಲು ಸುಮ್ಮನೆ ತುಂಬಿಕೊಳ್ತದೆ.
ಬಿಡ್ತದಲ್ಲ, ಆ ಗಳಿಗೆ.
ಆಗ ನೋಡು."

ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಐಟಿಐ ಓದಿದವನು ನಾನು.
ಕೀ ತಿರುಗಿಸಿದೆ.
ಒಂದು ನೂಲಿನಷ್ಟು ಹೊಗೆ, ಸುಟ್ಟ ಗೇರುಬೀಜದ ವಾಸನೆ.
ನಾಲ್ಕು ಸಾವಿರದ ಎಂಟುನೂರು.

ಮೇಸ್ತ್ರಿ ಬಂದು ಬ್ಯಾಟರಿ ನೋಡಿದರು, ನನ್ನನ್ನಲ್ಲ.
"ಈ ಕಾಲದ ಗಾಡಿಗೆ ಪ್ಲಸ್ಸೇ ಭೂಮಿ."
ಅಷ್ಟೇ. ಬೈಯಲಿಲ್ಲ.
ಬೈದಿದ್ದರೆ ಮಧ್ಯಾಹ್ನದ ಗಂಜಿಯಾದರೂ ಗಂಟಲಿಗೆ ಇಳಿಯುತ್ತಿತ್ತು.

ಹಳೇ ಪಾಯಿಂಟನ್ನೇ ಮತ್ತೆ ಕೂರಿಸಿ, ಪಟ್ಟಿ ತೂರಿಸಿ, ಸ್ಕ್ರೂ ಬಿಗಿದು
ಹತ್ತು ನಿಮಿಷದಲ್ಲಿ ಗಾಡಿ ಕಳಿಸಿದರು.
ಗುರುವಾರ ಚೋಂದಮ್ಮ ರಮ್ಮಿಯಲ್ಲಿ ಇನ್ನೂರು ಗೆದ್ದರಂತೆ.

ಇನ್ನೊಂದು ಡಬ್ಬಿ ಬಂತು, ಪ್ಲಸ್ ಭೂಮಿಯದ್ದು.
ದುಡ್ಡು ಮೇಸ್ತ್ರಿಯ ಚೀಟಿಯದ್ದು.
ತನಗೆ ಬೇಡದ ಸಾಮಾನನ್ನು
ಮನುಷ್ಯ ತಾನೇ ತರಿಸಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು.

ಉಂಗುರವನ್ನು ಅವರೇ ಅದುಮಿ ಕೂರಿಸಿದರು.
ಯಾವ ತಂತಿ ಎಲ್ಲಿಗೆ ಎಂದು ನನ್ನನ್ನು ಮೂರು ಸಲ ಕೇಳಿದರು,
ಮೂರು ಸಲವೂ ಗೊತ್ತಿದ್ದೇ.
ಟೈಮಿಂಗ್ ಲೈಟು ಹಿಡಿದೆ. ಮೊದಲು ನಡುಗುತ್ತಿದ್ದ ಪುಲ್ಲಿಯ ಗುರುತು
ಗೋಡೆಯ ಹಲ್ಲಿಯ ಹಾಗೆ ನಿಂತುಬಿಟ್ಟಿತು.
ಒಳಗೆ ಈಗ ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ,
ಅಯಸ್ಕಾಂತ ಹಾದುಹೋಗುತ್ತದೆ, ಕಪ್ಪು ತುಂಡಿಗೆ ಅದು ಗೊತ್ತಾಗುತ್ತದೆ.

ಮೇಸ್ತ್ರಿ ಬಗ್ಗಿ ಕಿವಿಗೊಟ್ಟರು.
ಒಂದು, ಮೂರು, ನಾಲ್ಕು, ಎರಡು.
"ಏನೂ ತಪ್ಪಿಲ್ಲ" ಎಂದರು, ದೂರು ಕೊಡುವವರ ದನಿಯಲ್ಲಿ.

ಆಮೇಲೆ ಪಾಯಿಂಟು, ಕಂಡೆನ್ಸರು ಬಟ್ಟೆಯಲ್ಲಿ ಸುತ್ತಿ
ಡ್ಯಾಶಿನ ಗೂಡಿನಲ್ಲಿಟ್ಟರು. ಪಟ್ಟಿಯನ್ನು ಎರಡು ತುಂಡು ಮಾಡಿ
'ಊ' ಚೋಂದಮ್ಮನಿಗೆ ಕೊಟ್ಟರು.
'ಟ' ಜೇಬಿಗೆ ಹೋಯಿತು.

ಗುರುವಾರ ಹತ್ತೂವರೆಗೆ ಮಾರಿಸ್ಸು
ಶೆಡ್ಡಿನ ಮುಂದೆ ನಿಲ್ಲದೆ ಹೋಯಿತು, ಒಮ್ಮೆ ಹಾರ್ನು.
ಕಟ್ಟನ್ ಚಾಯದ ಲೋಟ ಕೆಳಗಿಟ್ಟು
ಸದ್ದು ಏರು ಹತ್ತಿ ಮುಗಿಯುವ ತನಕ
ಮೇಸ್ತ್ರಿಯ ತುಟಿ ಎಣಿಸುತ್ತಲೇ ಇತ್ತು.