ಎರಡು ಅಡ್ಡಗಾಲು

ಕೇಟಾದ ಮರಳು ದಂಡೆ. ಅಲೆ ಮುನಿಸಿಕೊಂಡರೆ
ಹೊಸ್ತಿಲು ನೆನೆಯುವ ನನ್ನ ರಿಪೇರಿ ಗೂಡಂಗಡಿಗೆ
ಸಂಜೆ ಐದಕ್ಕೆ ಬಂದ ಸೆನಾನು:
"ದೋಣಿಯ ಬೆನ್ನಿಗೊಂದು ಕೆಂಪು ದೀಪ ಬೇಕು, ಇವತ್ತೇ.
ಹೊರಗೆ ದೊಡ್ಡ ಟ್ರಾಲರ್‌ಗಳು. ಅವಕ್ಕೆ ಕಣ್ಣಿಲ್ಲ."

ತಂದದ್ದು ಬೈಕಿನ ಬ್ಯಾಟರಿ, ಹನ್ನೆರಡು ವೋಲ್ಟು.
ಈ ಪುಟ್ಟ ಎಲ್‌ಇಡಿಗೆ ಬೇಕಾದದ್ದು ಎರಡು.
ಮಿಕ್ಕ ಹತ್ತನ್ನು ಯಾರಾದರೂ ನುಂಗಬೇಕು,
ಇಲ್ಲದಿದ್ದರೆ ಒಂದು ಮಿಂಚು, ಒಂದು ಕಮಟು ವಾಸನೆ,
ಮುಗಿಯಿತು ಅದರ ಆಯುಷ್ಯ.

ಕೆಲಸ ಕಲಿಯಲು ಸೇರಿದ ಮೊದಲ ತಿಂಗಳು
ಹಾಗೆ ಏಳನ್ನು ಸುಟ್ಟಿದ್ದೆ.
ಮಾಸ್ಟರ್ ಅಗ್ಬೆಕೊ ಬೈಯಲಿಲ್ಲ, ನಕ್ಕ:
"ಜಿಗ್ಬೋದಿ! ತಾಳ್ಮೆ ಅಂತ ಹೆಸರಿಟ್ಟುಕೊಂಡು
ಏನು ಅವಸರವೇ ನಿನಗೆ?
ಅಡ್ಡಗಾಲು ಹಾಕುವವರೇ ಇಲ್ಲದ ಮನೆ
ಬೂದಿಯಾಗುವ ಮನೆ."

ಹತ್ತನ್ನು ಇಪ್ಪತ್ತು ಮಿಲಿಯಿಂದ ಭಾಗಿಸಿದೆ. ಐನೂರು ಓಮ್.
ಹಾಲುಪುಡಿ ಡಬ್ಬ ಸುರಿದು ಕೆದಕಿದೆ.
ಐನೂರು ಇಲ್ಲ.
ಸತ್ತ ಟೀವಿಗಳ ಹೊಟ್ಟೆಯಿಂದ ಕಿತ್ತಿಟ್ಟವು,
ಎಲ್ಲದರ ಮೈಮೇಲೂ ಅದೇ ಪಟ್ಟಿ: ಕಂದು, ಕಪ್ಪು, ಕೆಂಪು.
ಸಾವಿರ, ಸಾವಿರ, ಬರೀ ಸಾವಿರ.

ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದರೆ ಎರಡು ಸಾವಿರ;
ದೀಪ ಜ್ವರ ಹಿಡಿದ ಮಿಣುಕುಹುಳ.
ಹೆಗಲಿಗೆ ಹೆಗಲು ಕೊಟ್ಟು ನಿಲ್ಲಿಸಿದರೆ
ಐನೂರು.

"ಅದು ಹೇಗೆ? ಎರಡು ತಡೆ ಸೇರಿ
ತಡೆ ಕಡಿಮೆಯಾಗುತ್ತದೆಯೆ?"
ಸೆನಾನು ನನ್ನನ್ನೇ ಅನುಮಾನದಿಂದ ನೋಡಿದ.
"ಸಂತೆಯ ಬಾಗಿಲಲ್ಲಿ ಸುಂಕದ ಚೀಟಿ ಹರಿಯುವವಳು
ಒಬ್ಬಳೇ ಇದ್ದರೆ ಸಾಲು ಎಷ್ಟುದ್ದ?
ಪಕ್ಕದಲ್ಲಿ ಅಷ್ಟೇ ಸೋಮಾರಿ ಇನ್ನೊಬ್ಬಳು ಬಂದು ಕೂತರೆ?"
ಯೋಚಿಸಿದ. "ಇಬ್ಬರೂ ಜಗಳಗಂಟಿಯರು.
ಆದರೂ ಬೇಗ ಒಳಗೆ ಹೋಗ್ತೀವಿ."

ಬೆಸುಗೆಯ ಹೊಗೆ, ಉಪ್ಪುಗಾಳಿ.
ತಂತಿಯ ಕೊನೆ ಮುಟ್ಟಿಸಿದೆ. ಕೆಂಪು ಹತ್ತಿತು,
ನಡುಗಲಿಲ್ಲ.
ಎರಡರ ಮೇಲೂ ಬೆರಳಿಟ್ಟು ನೋಡಿದೆ:
ಬಿಸಿಯನ್ನೂ ಅರ್ಧರ್ಧ ಹಂಚಿಕೊಂಡಿವೆ,
ಕೋಳಿ ಈಗಷ್ಟೇ ಎದ್ದುಹೋದ ಮೊಟ್ಟೆಯ ಹಾಗೆ.

ದುಡ್ಡು ನಾಳೆ ಎಂದ. ಇವನ ನಾಳೆ ನನಗೆ ಗೊತ್ತು,
ಮೂರು ಮೀನು, ಒಂದು ಹೊಸ ನೆಪ.

ಕತ್ತಲಾದ ಮೇಲೆ ದಂಡೆಗೆ ಹೋದೆ.
ದೂರದಲ್ಲಿ ಟ್ರಾಲರ್, ಒಂದು ಊರಿನಷ್ಟು ಬೆಳಕು,
ತಡೆಯೇ ಗೊತ್ತಿಲ್ಲದ್ದು.
ಅದರ ಮುಂದೆ ಸಾಸಿವೆಯಷ್ಟು ಕೆಂಪು
ಅಲೆಯೊಳಗೆ ಮುಳುಗಿತು. ಉಸಿರು ಹಿಡಿದೆ.
ಎದ್ದಿತು.

ಬಾಗಿಲು ಹಾಕುವ ಮೊದಲು ಡಬ್ಬ ಎಣಿಸಿದೆ.
ಇನ್ನು ಒಂಬತ್ತು ಸಾವಿರಗಳಿವೆ.
ನಾಲ್ಕು ದೋಣಿಗೆ ಸಾಕು,
ಒಂದು ಮಿಕ್ಕುತ್ತದೆ.